ಜೀವನ ವೆಚ್ಚ: ಅಗ್ಗದ ಊರು ನಿಜಕ್ಕೂ ಎಷ್ಟು ಅಗ್ಗ?

ಬೆಂಗಳೂರು, ಮಂಗಳೂರುಗಳಿಗೆ ಹೋಲಿಸಿದರೆ ಉಡುಪಿ ಜಿಲ್ಲೆಯಲ್ಲಿ ಜೀವನ ವೆಚ್ಚ ಕಡಿಮೆ ಎಂಬ ಅಭಿಪ್ರಾಯ ವ್ಯಾಪಾರ ವಲಯದಲ್ಲಿ ಬೇರೂರಿದೆ. ನೌಕರರ ಸಂಬಳ ನಿಗದಿಪಡಿಸುವಾಗ, ಹೊಸ ಮಳಿಗೆಗೆ ಸ್ಥಳ ಆರಿಸುವಾಗ ಇದೇ ಅಭಿಪ್ರಾಯ ಆಧಾರವಾಗುವುದುಂಟು. ಲೆಕ್ಕ ತಪ್ಪಿದರೆ ಕೆಲಸ ಕಲಿತ ನೌಕರ ಮಂಗಳೂರಿಗೋ ಕೊಲ್ಲಿ ರಾಷ್ಟ್ರಕ್ಕೋ ಹೊರಡುತ್ತಾನೆ. ಅವನ ತರಬೇತಿಗೆ ತಗಲಿದ ಖರ್ಚು ಮಾಲೀಕನ ನಷ್ಟದ ಬಾಬ್ತಿಗೆ ಸೇರುತ್ತದೆ. ಆದ್ದರಿಂದ ಜೀವನ ವೆಚ್ಚವನ್ನು ಅಳೆಯುವ ಕ್ರಮವನ್ನು ಅರಿತಿರುವುದು ಅಗತ್ಯ.

ಸರಕಾರಿ ವರ್ಗೀಕರಣದ ಮಿತಿ

ಕೇಂದ್ರ ಸರಕಾರವು ತನ್ನ ನೌಕರರ ಮನೆಬಾಡಿಗೆ ಭತ್ಯೆಗಾಗಿ ಊರುಗಳನ್ನು ಎಕ್ಸ್, ವೈ, ಝಡ್ ಎಂದು ಮೂರು ವರ್ಗಗಳಾಗಿ ವಿಂಗಡಿಸಿದೆ. ಬೆಂಗಳೂರು ಎಕ್ಸ್, ಮಂಗಳೂರು ವೈ; ಉಡುಪಿ, ಮಣಿಪಾಲ, ಕಾಪು, ಕಾರ್ಕಳ ನಾಲ್ಕೂ ಝಡ್. ಈ ಭತ್ಯೆಯ ದರ 2024ರ ಜನವರಿಯಿಂದ ಮೂಲವೇತನದ ಕ್ರಮವಾಗಿ ಶೇ. 30, 20 ಮತ್ತು 10ಕ್ಕೆ ಏರಿತು. ವಿಂಗಡಣೆಗೆ ಆಧಾರವಾಗಿರುವುದು ಜನಸಂಖ್ಯೆಯೇ ಹೊರತು ವಾಸ್ತವ ಬಾಡಿಗೆಯಲ್ಲ. ಐದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳು ಕೊನೆಯ ವರ್ಗಕ್ಕೆ ಸೇರುತ್ತವೆ.

1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಬಳಿಕ ಮಣಿಪಾಲ ಹೊರರಾಜ್ಯ, ಹೊರದೇಶಗಳ ವಿದ್ಯಾರ್ಥಿಗಳ ಊರಾಗಿ ಬೆಳೆಯಿತು. ಅಲ್ಲಿನ ಬಾಡಿಗೆಯನ್ನು ನಿರ್ಧರಿಸುವುದರಲ್ಲಿ ಹೊರಗಿನಿಂದ ಬರುವ ಹಣದ ಪಾಲು ದೊಡ್ಡದು. ಕಾರ್ಕಳದಲ್ಲಿ ಬಾಡಿಗೆ ಬಹುಮಟ್ಟಿಗೆ ಸ್ಥಳೀಯರ ಆದಾಯವನ್ನು ಅನುಸರಿಸುತ್ತದೆ. ಎರಡನ್ನೂ ಒಂದೇ ವರ್ಗದಲ್ಲಿರಿಸಿದ ಮಾತ್ರಕ್ಕೆ ವೆಚ್ಚ ಸಮನಾಗದು.

ಸೂಚ್ಯಂಕ ಏನನ್ನು ಹೇಳುತ್ತದೆ?

ಕಾರ್ಮಿಕ ಬ್ಯೂರೋ ಪ್ರಕಟಿಸುತ್ತಿರುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಹೊಸ ಸರಣಿ 2020ರಲ್ಲಿ ಜಾರಿಗೆ ಬಂತು. ಅದರಲ್ಲಿ 2016ರ ಬೆಲೆಮಟ್ಟವನ್ನು 100 ಎಂದು ಇರಿಸಿಕೊಳ್ಳಲಾಗಿದೆ. ಒಂದು ಕೇಂದ್ರದ ಸೂಚ್ಯಂಕ 140, ಇನ್ನೊಂದರದು 145 ಇದ್ದರೆ ಎರಡನೆಯ ಊರು ದುಬಾರಿ ಎಂದು ಅರ್ಥವಲ್ಲ. ಅಲ್ಲಿ ಬೆಲೆಗಳು ಹೆಚ್ಚು ವೇಗವಾಗಿ ಏರಿವೆ ಎಂದಷ್ಟೇ ಅರ್ಥ. ಸೂಚ್ಯಂಕ ಕಾಲದಿಂದ ಕಾಲಕ್ಕೆ ಆಗುವ ವ್ಯತ್ಯಾಸವನ್ನು ಅಳೆಯುತ್ತದೆ, ಊರಿನಿಂದ ಊರಿಗೆ ಇರುವ ವ್ಯತ್ಯಾಸವನ್ನಲ್ಲ. ರಾಜ್ಯದ ಕನಿಷ್ಠ ವೇತನದಲ್ಲಿ ತುಟ್ಟಿಭತ್ಯೆಯನ್ನು ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಜೋಡಿಸಲಾಗಿದೆ. ಊರು ಅಗ್ಗವೆಂಬ ಕಾರಣಕ್ಕೆ ಅದನ್ನು ಕಡಿತಗೊಳಿಸಲು ಅವಕಾಶವಿಲ್ಲ.

ಬಾಡಿಗೆಯಾಚೆಗಿನ ವೆಚ್ಚ

2023–24ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯಂತೆ ದೇಶದಲ್ಲಿ ತಲಾ ಮಾಸಿಕ ವೆಚ್ಚ ಗ್ರಾಮಾಂತರದಲ್ಲಿ 4,122 ರೂ., ನಗರಗಳಲ್ಲಿ 6,996 ರೂ. ಇದರಲ್ಲಿ ಆಹಾರದ ಪಾಲು ಗ್ರಾಮಾಂತರದಲ್ಲಿ ಸುಮಾರು ಶೇ. 47, ನಗರಗಳಲ್ಲಿ ಸುಮಾರು ಶೇ. 40. ಕುಚ್ಚಲಕ್ಕಿ, ತೆಂಗಿನಕಾಯಿ, ಮೀನುಗಳ ಬೆಲೆ ಕಾಪುವಿನಲ್ಲಾಗಲಿ ಮಣಿಪಾಲದಲ್ಲಾಗಲಿ ಬಾಡಿಗೆಯಷ್ಟು ವ್ಯತ್ಯಾಸವಾಗುವುದಿಲ್ಲ. ಹೀಗಾಗಿ ಬಾಡಿಗೆ ಅರ್ಧಕ್ಕಿಳಿದರೂ ಒಟ್ಟು ವೆಚ್ಚ ಅರ್ಧಕ್ಕಿಳಿಯದು.

ಉಳಿತಾಯವನ್ನು ಪ್ರಯಾಣ ನುಂಗುವುದೂ ಉಂಟು. ಉದಾಹರಣೆಗಾಗಿ, ಮಣಿಪಾಲದಲ್ಲಿ ದುಡಿಯುವ ನೌಕರನಿಗೆ ಅಲ್ಲೇ ಮನೆ ಹಿಡಿದರೆ 8,000 ರೂ., ಕಾರ್ಕಳದಲ್ಲಾದರೆ 5,000 ರೂ. ಬಾಡಿಗೆ ಎಂದಿಟ್ಟುಕೊಳ್ಳೋಣ. ಉಳಿಯುವುದು 3,000 ರೂ. ಬಸ್ಸಿಗೆ ಒಂದು ಸಲಕ್ಕೆ 45 ರೂ. ಎಂದು ಹಿಡಿದರೆ ದಿನಕ್ಕೆ 90 ರೂ., 26 ದಿನಕ್ಕೆ 2,340 ರೂ. ಕೈಯಲ್ಲಿ ಉಳಿಯುವುದು 660 ರೂ. ಮಾತ್ರ. ಹೋಗಿಬರಲು ದಿನಕ್ಕೆ ಎರಡು ಗಂಟೆ ಎಂದರೂ ತಿಂಗಳಿಗೆ 52 ಗಂಟೆ ದಾರಿಯಲ್ಲೇ ಕಳೆಯುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದು ಸಾರಿಗೆ ನಿಗಮಗಳ ಬಸ್ಸುಗಳಲ್ಲಿ. ಖಾಸಗಿ ಬಸ್ಸುಗಳನ್ನೇ ಹೆಚ್ಚಾಗಿ ಅವಲಂಬಿಸಿರುವ ಈ ಜಿಲ್ಲೆಯ ಮಹಿಳಾ ನೌಕರರಿಗೆ ಆ ಲಾಭ ಪೂರ್ಣವಾಗಿ ದೊರೆಯುವುದಿಲ್ಲ.

ಜೂನ್–ಜುಲೈ ತಿಂಗಳ ಹೊರೆ

ಕರಾವಳಿಯಲ್ಲಿ ವರ್ಷದ ಸರಾಸರಿಯಷ್ಟೇ ಸಾಲದು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯ ಬಂದರಿನಲ್ಲಿ ದುಡಿಮೆ ನಿಲ್ಲುತ್ತದೆ, ಮೀನಿನ ಬೆಲೆ ಏರುತ್ತದೆ. ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ, ಕೊಡೆಗಳ ಖರ್ಚೂ ಅದೇ ಹೊತ್ತಿಗೆ ಬರುತ್ತದೆ. ಅಂಗಡಿಗಳಲ್ಲಿ ಕಡದ ಪುಸ್ತಕ ದಪ್ಪವಾಗುವ ಕಾಲವಿದು. ಈ ಅವಧಿಗೆ ವ್ಯಾಪಾರಿಯು ನಗದನ್ನು ಮೊದಲೇ ಕಾದಿರಿಸಬೇಕು. ಉದ್ದಿಮೆದಾರನು ನೌಕರರಿಗೆ ನೀಡಬೇಕಾಗಬಹುದಾದ ಮುಂಗಡವನ್ನು ಆಯವ್ಯಯದಲ್ಲಿ ಸೇರಿಸಿಕೊಳ್ಳಬೇಕು.

ಅನುಸರಿಸಬಹುದಾದ ಕ್ರಮ

ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಹಾಗೂ ಜುಲೈ ತಿಂಗಳಲ್ಲಿ, ಕೆಲವು ನೌಕರರ ಒಪ್ಪಿಗೆ ಪಡೆದು ಅವರ ಮನೆಖರ್ಚನ್ನು ಬಾಡಿಗೆ, ಆಹಾರ, ಪ್ರಯಾಣ, ಶಿಕ್ಷಣ ಮತ್ತು ಔಷಧ ಎಂಬ ಬಾಬ್ತುಗಳಲ್ಲಿ ಬರೆದಿಡುವುದು ಉತ್ತಮ. ಯಾವ ಬಾಬ್ತು ಭಾರವಾಗಿದೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಪ್ರಯಾಣವೇ ಭಾರವಾಗಿದ್ದರೆ ಕೆಲವರು ಸೇರಿ ಬರುವ ವಾಹನದ ಏರ್ಪಾಡು, ಬಾಡಿಗೆ ಭಾರವಾಗಿದ್ದರೆ ವಸತಿಯ ನೆರವು ಸಂಬಳದ ಸಣ್ಣ ಏರಿಕೆಗಿಂತ ಹೆಚ್ಚು ಪ್ರಯೋಜನಕಾರಿಯಾಗಬಲ್ಲದು. ಊರು ಅಗ್ಗವೋ ದುಬಾರಿಯೋ ಎಂಬುದು ನೌಕರನ ಕೈಯಲ್ಲಿ ತಿಂಗಳ ಕೊನೆಗೆ ಉಳಿಯುವ ಹಣದಿಂದ ತೀರ್ಮಾನವಾಗಬೇಕು.