ಮರಳುಗಾಡಿನಲ್ಲಿ ಮರಳುದಿಬ್ಬ ಎಲ್ಲಿ?



ಮರಳುಗಾಡು ಅಂದ ಕೂಡಲೇ ಎಲ್ಲಿ ನೋಡಿದರೂ ಮರಳಿನ ಗುಡ್ಡ ಅಂತ ನಾವು ತಿಳಿಯುತ್ತೇವೆ. ಆದರೆ ಪ್ರಪಂಚದ ಮರುಭೂಮಿಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಮರಳು. ಉಳಿದದ್ದು ಕಲ್ಲು, ಜಲ್ಲಿ, ಗಟ್ಟಿ ಬಯಲು. ಥಾರ್ ಮರುಭೂಮಿಯ ಜೈಸಲ್ಮೇರ್ ಪಟ್ಟಣವೂ ಹಳದಿ ಕಲ್ಲಿನ ನೆಲದ ಮೇಲಿದೆ. ದೊಡ್ಡ ದಿಬ್ಬ ನೋಡಬೇಕಾದರೆ ಅಲ್ಲಿಂದ ರಸ್ತೆಯಲ್ಲಿ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಸಮ್‌ಗೆ, ಇಲ್ಲವೇ ನೈಋತ್ಯದ ಖುರಿಗೆ ಹೋಗಬೇಕು.

ದಿಬ್ಬ ಆಗುವುದು ಹೇಗೆ?
ಗಾಳಿ ಮರಳನ್ನು ಹೊತ್ತು ತರುತ್ತದೆ. ವೇಗ ತಗ್ಗಿದ ಕಡೆ ಅದು ಗುಡ್ಡೆಯಾಗುತ್ತದೆ. ಗಾಳಿ ಬರುವ ಕಡೆ ಇಳಿಜಾರು ನಿಧಾನ. ಆಚೆ ಕಡೆ ಮರಳು ಜಾರಿ ಬೀಳುವುದರಿಂದ ಬಲು ಕಡಿದು, ಸುಮಾರು 30ರಿಂದ 34 ಡಿಗ್ರಿ. ಅರ್ಧಚಂದ್ರದಂಥ ದಿಬ್ಬಕ್ಕೆ ಬರ್ಖಾನ್ ಎನ್ನುತ್ತಾರೆ. ಅದರ ಎರಡು ಕೊಂಬುಗಳು ಗಾಳಿ ಹೋಗುವ ದಿಕ್ಕನ್ನು ತೋರಿಸುತ್ತವೆ. ನನಗೆ ಬಹಳ ಹಿಡಿಸಿದ ಸಂಗತಿ ಇದೇ!

ನೋಡುವ ಹೊತ್ತು
ಬೆಳಿಗ್ಗೆ, ಸಂಜೆ ನೆರಳು ಉದ್ದವಾಗಿ ಬಿದ್ದು ದಿಬ್ಬದ ಏರಿಳಿತ ಚೆನ್ನಾಗಿ ಕಾಣುತ್ತದೆ. ನಡುಮಧ್ಯಾಹ್ನ ಎಲ್ಲಾ ಸಪಾಟಾಗಿ ಕಾಣುತ್ತೆ. ಆಗ ಜೀಪು ನೆತ್ತಿ ದಾಟಿದರೆ ಕಡಿದಾದ ಕಡೆ ಉರುಳೀತು! ಗಾಳಿ ಎದ್ದರೆ ಹೆಜ್ಜೆ ಗುರುತೂ ಅಳಿಸಿಹೋಗುತ್ತದೆ. ಅದಕ್ಕೇ ದಾರಿ ಬಲ್ಲ ಅಲ್ಲಿಯವರು ಜೊತೆಗಿರಬೇಕು, ಬೇಕಾದ್ದಕ್ಕಿಂತ ಹೆಚ್ಚು ನೀರು ಇರಬೇಕು.

ಮಾಡಿ ನೋಡಿ
ಒಣ ಮರಳನ್ನು ಒಂದೇ ಜಾಗಕ್ಕೆ ಮೆಲ್ಲಗೆ ಸುರಿಯಿರಿ. ಗುಡ್ಡೆಯ ಇಳಿಜಾರನ್ನು ಕೋನಮಾಪಕದಿಂದ ಅಳೆಯಿರಿ. ಎಷ್ಟು ಸುರಿದರೂ ಕೋನ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಯಾಕೆ? ಯೋಚಿಸಿ!