ಲೈಕ್ ಎಣಿಸುವ ಮುನ್ನ

ಶ್ರವಣದೋಷ ಅಥವಾ ದೃಷ್ಟಿದೋಷ ಇರುವ ವಿದ್ಯಾರ್ಥಿಗಳ ಆತ್ಮಗೌರವಕ್ಕೂ ಸಾಮಾಜಿಕ ಜಾಲತಾಣಕ್ಕೂ ಏನು ಸಂಬಂಧ? ಈ ವಿಷಯಕ್ಕೆ ನೀವು ಹೊಸಬರು ಎಂದುಕೊಂಡೇ ಆರಂಭಿಸುತ್ತೇನೆ. ಮನಃಶಾಸ್ತ್ರ ಓದಿರಬೇಕಿಲ್ಲ, ಬ್ರೈಲ್ ಆಗಲಿ ಸನ್ನೆ ಭಾಷೆಯಾಗಲಿ ಬರದಿದ್ದರೂ ಅಡ್ಡಿಯಿಲ್ಲ. ನಿಮ್ಮ ಮೊಬೈಲಿನಲ್ಲಿ ಒಂದು ವಾಟ್ಸಾಪ್ ಗ್ರೂಪ್ ಇದ್ದರೆ ಈ ಪಾಠಕ್ಕೆ ಅಷ್ಟು ಸಾಮಗ್ರಿ ಸಾಕು.

ಆತ್ಮಗೌರವ ಎಂದರೇನು ಎನ್ನುವುದರಿಂದ ಶುರು ಮಾಡೋಣ. 'ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ' ಎಂದು ಹುಡುಗಿಯೊಬ್ಬಳು ಹೇಳಿದರೆ ಅದು ಒಂದು ಕೆಲಸದ ಬಗೆಗಿನ ಆತ್ಮವಿಶ್ವಾಸ. 'ಲೆಕ್ಕ ಬಾರದಿದ್ದರೂ ನಾನು ಯಾರಿಗೂ ಕಡಿಮೆಯವಳಲ್ಲ' ಎಂದು ಅವಳಿಗೆ ಒಳಗೇ ಅನ್ನಿಸಿದರೆ ಅದು ಆತ್ಮಗೌರವ; ತನಗೆ ತಾನೇ ಕಟ್ಟಿಕೊಂಡ ಒಟ್ಟು ಬೆಲೆ. ಇದನ್ನು ಅಳೆಯಲು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ 10 ಹೇಳಿಕೆಗಳ ಮಾಪನಿಯೊಂದನ್ನು ಪ್ರಕಟಿಸಿದರು. ಐದು ಹೇಳಿಕೆಗಳು ತನ್ನ ಪರ, ಐದು ತನ್ನ ವಿರುದ್ಧ. ಪ್ರತಿಯೊಂದಕ್ಕೂ 'ಪೂರ್ತಿ ಒಪ್ಪುತ್ತೇನೆ' ಎಂಬಲ್ಲಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬಲ್ಲಿಯವರೆಗೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಈ ಮಾಪನಿಗೆ ಮತ್ತೆ ಬರೋಣ.

ಅದಕ್ಕೂ ಮೊದಲು, 1954ರಲ್ಲಿ, ಲಿಯಾನ್ ಫೆಸ್ಟಿಂಗರ್ ಎಂಬ ಮನಃಶಾಸ್ತ್ರಜ್ಞರು ಒಂದು ಮಾತು ಹೇಳಿದ್ದರು. ತನ್ನನ್ನು ಅಳೆದುಕೊಳ್ಳಲು ಬೇರೆ ಅಳತೆ ಸಿಗದಾಗ ಮನುಷ್ಯ ತನ್ನಂಥ ಇತರರ ಜೊತೆ ಹೋಲಿಸಿಕೊಳ್ಳುತ್ತಾನೆ ಎಂಬುದು ಅದರ ತಿರುಳು. ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಈ ಹೋಲಿಕೆಗೆ ಅಂಕಿಗಳೇ ಸಿಗತೊಡಗಿದವು: ಇಷ್ಟು ಲೈಕ್, ಇಷ್ಟು ಫಾಲೋವರ್ಸ್. ಹೋಲಿಕೆ ಹೆಚ್ಚಿತು, ಆತ್ಮಗೌರವ ಕುಗ್ಗಿತು ಎಂದು ಚರ್ಚೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ಹೋಲಿಸಿಕೊಳ್ಳಬೇಕಾದರೆ ಇನ್ನೊಬ್ಬರು ಹಾಕಿದ್ದು ಮೊದಲು ನಮಗೆ ತಲುಪಬೇಕಲ್ಲವೇ? ಶ್ರವಣದೋಷ ಅಥವಾ ದೃಷ್ಟಿದೋಷ ಇರುವ ವಿದ್ಯಾರ್ಥಿಗಳ ವಿಷಯದಲ್ಲಿ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ನೆರೆಯ ಕುಸನೂರನ್ನೇ ತೆಗೆದುಕೊಳ್ಳಿ. ಅಲ್ಲಿ ಬಾಡಿಗೆ ಕೋಣೆ ಹಿಡಿದು ಓದುವ ಇಬ್ಬರನ್ನು ಕಲ್ಪಿಸಿಕೊಳ್ಳಿ. ಕಮಲಾಪುರದಿಂದ ಬಂದ ಹುಡುಗಿಗೆ ಕಣ್ಣು ಕಾಣುವುದಿಲ್ಲ. ನಗರದ ಹುಡುಗನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇಬ್ಬರೂ ಒಂದೇ ತರಗತಿ, ಒಂದೇ ವಾಟ್ಸಾಪ್ ಗ್ರೂಪ್.

ಹುಡುಗಿಯ ಮೊಬೈಲಿನಲ್ಲಿ ಸ್ಕ್ರೀನ್ ರೀಡರ್ ಇದೆ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ಆಂಡ್ರಾಯ್ಡ್ ಮೊಬೈಲಿನಲ್ಲಿ ಅದರ ಹೆಸರು ಟಾಕ್‌ಬ್ಯಾಕ್; ಕನ್ನಡವನ್ನೂ ಓದುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ಸಂದೇಶ, ಎರಡು ಸಲ ತಟ್ಟಿದರೆ ಅದು ತೆರೆಯುತ್ತದೆ. ಈಗ ಯಾರೋ ಪರೀಕ್ಷೆಯ ವೇಳಾಪಟ್ಟಿಯ ಫೋಟೋ ತೆಗೆದು ಗ್ರೂಪಿಗೆ ಹಾಕಿದರು ಎನ್ನಿ. ಅವಳಿಗೆ ಕೇಳುವುದು ಕಳಿಸಿದವರ ಹೆಸರು, 'ಫೋಟೋ' ಎಂಬ ಒಂದು ಪದ, ಕಳಿಸಿದ ಸಮಯ. ಅಷ್ಟೇ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಬಂದರಂತೂ ಇನ್ನೂ ವಿಚಿತ್ರ. ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಟಾಕ್‌ಬ್ಯಾಕ್ ಓದಿದ್ದು ಯಾವ ಭಾಷೆಯೂ ಆಗಿರುವುದಿಲ್ಲ. ಅದನ್ನೇ ಯುನಿಕೋಡಿನಲ್ಲಿ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ವ್ಯವಸ್ಥೆಯಲ್ಲಿ ಟೈಪ್ ಮಾಡಿದ್ದರೆ ಸಲೀಸಾಗಿ ಓದುತ್ತಿತ್ತು.

ಇನ್ನೊಬ್ಬರು ಧ್ವನಿ ಸಂದೇಶ ಹಾಕುತ್ತಾರೆ: 'ನಾಳಿ ಕ್ಲಾಸ್ ಇಲ್ರಿ, ಯಾರೂ ಬರಬ್ಯಾಡ್ರಿ.' ಹುಡುಗಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಹುಡುಗ ಮಾತ್ರ ಮರುದಿನ ಖಾಲಿ ತರಗತಿಗೆ ಹೋಗಿ ನಿಲ್ಲುತ್ತಾನೆ. ಒಬ್ಬರಿಗೆ ದಾರಿಯಾದದ್ದು ಇನ್ನೊಬ್ಬರಿಗೆ ಗೋಡೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರಲ್ಲಿ ಅಂಧತ್ವ ಬೇರೆ, ಮಂದದೃಷ್ಟಿ ಬೇರೆ, ಕಿವುಡು ಬೇರೆ, ಮಂದಶ್ರವಣ ಬೇರೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಸರಾಸರಿ ತೆಗೆಯುವ ಅಧ್ಯಯನಗಳನ್ನು ನೀವು ಎಚ್ಚರಿಕೆಯಿಂದ ಓದಿ ಎನ್ನುವುದು ಇದಕ್ಕೇ.

ಹುಡುಗನ ಇನ್ನೊಂದು ತೊಡಕು ಹೊರಗಿನವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಕಿವಿ ಕೇಳದಿದ್ದರೆ ಓದಿ ಬರೆದು ನಿಭಾಯಿಸಬಹುದಲ್ಲ ಎಂದು ನಮಗೆ ಅನ್ನಿಸುತ್ತದೆ. ಆದರೆ ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ, ಕನ್ನಡದ ವಿಭಕ್ತಿ ಪ್ರತ್ಯಯಗಳು ಅದರಲ್ಲಿಲ್ಲ. ಮನೆಯಲ್ಲಿ ಆಡುವ ಕನ್ನಡ ಅವನ ಕಿವಿಗೆ ಬಿದ್ದದ್ದೇ ಇಲ್ಲ. ಹಾಗಾಗಿ 'ನಾಳೆ ನಾನು ಊರು ಹೋಗು' ಎಂದು ಬರೆಯುತ್ತಾನೆ. ಕೆಳಗೆ ನಗುವ ಎಮೋಜಿಗಳ ಸಾಲು. ಅವನ ಬುದ್ಧಿಗೂ ಆ ವಾಕ್ಯಕ್ಕೂ ಸಂಬಂಧವಿಲ್ಲ. ನಕ್ಕವರಿಗೆ ಅದು ಗೊತ್ತಿಲ್ಲ. ಆಮೇಲೆ ಅವನು ಬರೆಯುವುದನ್ನು ನಿಲ್ಲಿಸಿ ಹೆಬ್ಬೆರಳಿನ ಎಮೋಜಿ ಮಾತ್ರ ಒತ್ತುತ್ತಾ ಬಂದರೆ, ಆ ಮೌನವನ್ನು ನಾವು 'ಸಂಕೋಚದ ಸ್ವಭಾವ' ಎಂದು ಕರೆದುಬಿಡುತ್ತೇವೆ.

ಅದೇ ಹುಡುಗ ರಾತ್ರಿ ವಿಡಿಯೊ ಕರೆಯಲ್ಲಿ ಬೇರೆ ಊರಿನ ಕಿವುಡ ಗೆಳೆಯರೊಡನೆ ಕೈಯಲ್ಲಿ ಹರಟುವುದನ್ನು ನೋಡಬೇಕು. ಅವನ ಓಣಿಯಲ್ಲಿ ಸನ್ನೆ ಭಾಷೆ ಬಲ್ಲವರು ಒಬ್ಬರೂ ಇಲ್ಲದಿರಬಹುದು, ಮೊಬೈಲಿನಲ್ಲಿ ಇದ್ದಾರೆ. ಅಲ್ಲಿ ಅವನು ಜೋಕು ಹೇಳುವವನು, ಜಗಳ ಬಿಡಿಸುವವನು. ಜಾಲತಾಣ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ: ಯಾವ ಗ್ರೂಪು, ಯಾವ ಭಾಷೆ ಎಂದು ಮೊದಲು ಹೇಳಿ.

ಹೊಗಳಿಕೆಯ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಉತ್ತರ ಕರ್ನಾಟಕದಲ್ಲಿ ಗದಗದ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದವರಿಲ್ಲ. ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತದ ಮೂಲಕ ಬದುಕು ಕಟ್ಟಿಕೊಟ್ಟರು. ಆ ದೊಡ್ಡ ಪರಂಪರೆಯ ಜೊತೆಗೆ ಒಂದು ನಿರೀಕ್ಷೆಯೂ ಬೆಳೆದುಬಂದಿದೆ: ಕಣ್ಣಿಲ್ಲದವರೆಂದರೆ ಹಾಡಲೇಬೇಕು. ನಮ್ಮ ಕಮಲಾಪುರದ ಹುಡುಗಿ ಹಾಡಿದ ರೀಲಿಗೆ ಲೈಕುಗಳ ಮಳೆ, 'ಪಾಪ, ದೇವರು ಒಂದು ಕಿತ್ತುಕೊಂಡು ಇನ್ನೊಂದು ಕೊಟ್ಟಾನ' ಎಂಬ ಕಮೆಂಟುಗಳು. ಅರ್ಥಶಾಸ್ತ್ರದ ಬಗ್ಗೆ ಅವಳು ಬರೆದದ್ದನ್ನು ಓದಿದವರು ನಾಲ್ಕೇ ಜನ. ಅವಳಿಗೆ ಇಷ್ಟವಾದದ್ದು ಅರ್ಥಶಾಸ್ತ್ರ. ಲೈಕಿನ ಸಂಖ್ಯೆಯನ್ನಷ್ಟೇ ನೋಡಿದರೆ ಅವಳ ಆತ್ಮಗೌರವ ಎತ್ತರದಲ್ಲಿರಬೇಕು. ಇದೆಯೇ?

ತಿಳಿಯಬೇಕಾದರೆ ಅಳೆಯಬೇಕು, ಈಗ ರೋಸೆನ್‌ಬರ್ಗ್ ಮಾಪನಿಗೆ ಮರಳೋಣ. ಮುದ್ರಿತ ಹಾಳೆಯನ್ನು ಹುಡುಗಿಗೆ ಇನ್ನೊಬ್ಬರು ಓದಿ ಹೇಳಬೇಕು, ಅವಳು ಬಾಯಿಬಿಟ್ಟು ಉತ್ತರಿಸಬೇಕು. ತಾನು ನಿಷ್ಪ್ರಯೋಜಕಳೆಂದು ಅನ್ನಿಸುತ್ತದೆಯೇ ಎಂಬ ಪ್ರಶ್ನೆಗೆ ಕೋಣೆಯ ಗೆಳತಿಯ ಮುಂದೆ ನಿಜ ಹೇಳುವವರು ಎಷ್ಟು ಮಂದಿ? ಸ್ಕ್ರೀನ್ ರೀಡರ್ ಓದಬಲ್ಲ ಫಾರ್ಮ್ ಕೊಟ್ಟು, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಲು ಬಿಟ್ಟು ನೀವು ದೂರ ಹೋಗಬೇಕು. ಹುಡುಗನ ಕಷ್ಟ ಬೇರೆ. ತನ್ನ ವಿರುದ್ಧದ ಹೇಳಿಕೆಯನ್ನು 'ಒಪ್ಪುವುದಿಲ್ಲ' ಎನ್ನುವುದು ನಕಾರದ ಮೇಲೆ ನಕಾರ. ಬರಹದ ಕನ್ನಡ ಎರಡನೆಯ ಭಾಷೆಯಾಗಿರುವವನು ಅಲ್ಲಿ ತಡವರಿಸಿದರೆ, ನಾವು ಅಳೆದದ್ದು ಅವನ ಕನ್ನಡವನ್ನೇ ಹೊರತು ಆತ್ಮಗೌರವವನ್ನಲ್ಲ. ಹೇಳಿಕೆಗಳನ್ನು ಸನ್ನೆ ಭಾಷೆಯ ವಿಡಿಯೊದಲ್ಲಿ ಕೊಡಬೇಕು, ಅದನ್ನು ಕಿವುಡರೇ ನೋಡಿ ಸರಿಯಿದೆ ಎನ್ನಬೇಕು.

ನಿಮಗೊಂದು ಅಭ್ಯಾಸ ಕೊಡುತ್ತೇನೆ. ನಿಮ್ಮ ಗ್ರೂಪಿನ ಕೊನೆಯ ಹತ್ತು ಸಂದೇಶಗಳನ್ನು ಮೊದಲು ಧ್ವನಿ ಪೂರ್ತಿ ಮುಚ್ಚಿ ನೋಡಿ, ಆಮೇಲೆ ಟಾಕ್‌ಬ್ಯಾಕ್ ಹಾಕಿ ಕಣ್ಣು ಮುಚ್ಚಿ ಕೇಳಿ. ಎರಡೂ ಸಲ ಅರ್ಥವಾದವು ಯಾವುವು ಎಂದು ಬರೆದಿಟ್ಟುಕೊಳ್ಳಿ. ಟಾಕ್‌ಬ್ಯಾಕ್ ಆಫ್ ಮಾಡುವುದು ಹೇಗೆಂದು ಮಾತ್ರ ಮೊದಲೇ ತಿಳಿದುಕೊಂಡಿರಿ. ಅದು ಚಾಲೂ ಇದ್ದಾಗ ಒಂದೇ ಸಲ ತಟ್ಟಿದರೆ ಯಾವುದೂ ತೆರೆಯುವುದಿಲ್ಲ, ಹೊಸಬರು ಗಾಬರಿಯಾಗುವುದು ಅಲ್ಲೇ.