ಬೇಡದ ಕೊಸರು

ಅಕ್ಕಿ ಕೊಂಡಾಗ ವರ್ತಕನು ಮೇಲೊಂದು ಹಿಡಿ ಕೊಸರು ಹಾಕಿದರೆ ಎಲ್ಲರಿಗೂ ಸಂತೋಷವೇ. ಆದರೆ ಕೇಳದ ವಸ್ತುವನ್ನು ಚೀಲದ ತಳದಲ್ಲಡಗಿಸಿ ಕಳುಹಿದರೆ ಅದನ್ನು ಕೊಸರೆನ್ನಬಹುದೆ?

ಗಣಕಯಂತ್ರದ ವ್ಯವಹಾರದಲ್ಲಿ ಇಂತಹುದುಂಟು. ಉಚಿತ ತಂತ್ರಾಂಶವೊಂದನ್ನು ಸ್ಥಾಪಿಸುವಾಗ ಕೆಲವೊಮ್ಮೆ ಅನ್ಯ ತಂತ್ರಾಂಶಗಳೂ ಒಳಸೇರುತ್ತವೆ. ಅವು ಬ್ರೌಸರಿನ ಮುಖಪುಟವನ್ನು ಬದಲಿಸುತ್ತವೆ, ಜಾಹೀರಾತುಗಳನ್ನು ತೋರಿಸುತ್ತವೆ, ಯಂತ್ರದ ವೇಗವನ್ನು ಕುಗ್ಗಿಸುತ್ತವೆ. ಹೀಗೆ ಸೇರಿಸಿದವರಿಗೆ ಹಣ ಸಲ್ಲುವುದೇ ಇದಕ್ಕೆ ಕಾರಣ.

ಕೇರಳದ ಶಾಲೆಗಳ ಐ.ಟಿ. ಪಾಠದಲ್ಲಿ ಚಿತ್ರರಚನೆಗೆ ಬಳಸುವ ಜಿಂಪ್ ತಂತ್ರಾಂಶದ ಕಥೆಯನ್ನೇ ನೋಡಿರಿ. ಅದರ ನಿರ್ಮಾಪಕರು 2013ರಲ್ಲಿ ಸೋರ್ಸ್‌ಫೋರ್ಜ್ ಎಂಬ ವಿತರಣಾ ತಾಣವನ್ನು ತ್ಯಜಿಸಿದರು. 2015ರಲ್ಲಿ ಆ ತಾಣವು ಅವರು ಬಿಟ್ಟುಹೋದ ಪುಟವನ್ನು ತಾನೇ ವಹಿಸಿಕೊಂಡು, ಜಿಂಪಿನೊಡನೆ ಅನ್ಯರ ಕೊಡುಗೆಗಳನ್ನು ಹೆಣೆದು ಹಂಚಿತು. ಆಕ್ಷೇಪಣೆಗಳೆದ್ದ ಮೇಲೆ ಅದನ್ನು ನಿಲ್ಲಿಸಿತು. 2016ರಲ್ಲಿ ತಾಣದ ಹೊಸ ಒಡೆಯರು ಆ ಪದ್ಧತಿಯನ್ನೇ ತೆಗೆದುಹಾಕಿದರು. ದೋಷವು ಜಿಂಪಿನದಾಗಿರಲಿಲ್ಲ, ಅದು ಬಂದ ದಾರಿಯದಾಗಿತ್ತು.

ಶಾಲೆಯ ಗಣಕಯಂತ್ರಗಳಲ್ಲಿ ಬೇಕಾದ ತಂತ್ರಾಂಶಗಳು ಮೊದಲೇ ಸ್ಥಾಪಿತವಾಗಿರುತ್ತವೆ. ಮನೆಯಲ್ಲಿ ಮಾತ್ರ ಆ ಹೊಣೆ ನಮ್ಮದು. ಆದುದರಿಂದ ವಿದ್ಯಾರ್ಥಿಗಳು ಈ ನಿಯಮಗಳನ್ನು ನೆನಪಿಡಬೇಕು:

1. ತಂತ್ರಾಂಶವನ್ನು ನಿರ್ಮಾಪಕರ ಸ್ವಂತ ತಾಣದಿಂದಲೇ ಪಡೆಯಿರಿ.
2. ಸ್ಥಾಪಿಸುವಾಗ ‘ಕಸ್ಟಮ್’ ಎಂಬ ಆಯ್ಕೆಯಿದ್ದರೆ ಅದನ್ನೇ ಆರಿಸಿರಿ.
3. ‘ನೆಕ್ಸ್ಟ್’ ಒತ್ತುವ ಮೊದಲು ಪ್ರತಿ ಪುಟವನ್ನೂ ಓದಿ, ಬೇಡದ ಗುರುತುಗಳನ್ನು ಅಳಿಸಿರಿ.
4. ಬೇಡದ್ದು ಸೇರಿಬಿಟ್ಟಿದ್ದರೆ ಹಿರಿಯರಿಗೆ ತಿಳಿಸಿ, ತಂತ್ರಾಂಶಗಳ ಪಟ್ಟಿಯಿಂದ ತೆಗೆಯಿರಿ.

ಓದದೆ ಪತ್ರಕ್ಕೆ ರುಜು ಹಾಕಬಾರದೆಂದು ಹೆತ್ತವರು ಮಕ್ಕಳಿಗೆ ಹೇಳುವುದುಂಟು. ಗುಂಡಿಯನ್ನೊತ್ತುವುದೂ ಒಂದು ರುಜುವೇ. ಓದಲು ಕಲಿತವರು ಅಲ್ಲಿಯೂ ಓದಿಯೇ ಒಪ್ಪಬೇಕು.